ಅವ್ವ ಬಡಿದ ರೊಟ್ಟಿ

ಜಾತ್ರೆಗೆ ಹೋಗುವವರದ್ದು ಬರೀ ರೂಢಿ, ಸತ್ಯ ಬೇಕಾದವರು ಒಬ್ಬರೇ ಕೂತು ಧ್ಯಾನ ಮಾಡಬೇಕು ಅಂತ ಬರೆದಿದ್ದೀರಿ ಸರ್. ನಾನೂ ಬಹಳ ವರ್ಷ ಹಂಗೇ ಅಂದುಕೊಂಡಿದ್ದೆ.

ನಮ್ಮದು ಕೊಪ್ಪಳದ ಹತ್ತಿರದ ಹಳ್ಳಿ. ಜನವರಿ ಹೊತ್ತಿಗೆ ಗವಿಮಠದ ಜಾತ್ರೆ ಬರುತ್ತದೆ, ಅದಕ್ಕೆ ಎಷ್ಟೋ ದಿನ ಮೊದಲೇ ಸುತ್ತಲಿನ ಊರುಗಳಲ್ಲಿ ಹೆಂಗಸರು ದಾಸೋಹಕ್ಕೆ ಅಂತ ಜೋಳದ ರೊಟ್ಟಿ ಬಡಿಯಲು ಕೂಡುತ್ತಾರೆ. ನಮ್ಮ ಅವ್ವನಿಗೆ ಮೊಣಕಾಲು ನೋವು. ಆದರೂ ಒಲೆ ಮುಂದೆ ಕೂತು ಒಂದೊಂದೇ ಬೇಯಿಸಿ, ಖಡಕ್ ಆಗುವ ತನಕ ಒಲೆ ಪಕ್ಕ ಒರಗಿಸಿ ಇಡುತ್ತಾಳೆ. ಸೀದದ್ದು, ಅಂಚು ಒಡೆದದ್ದು ಮನೆಗೆ. ಚೆನ್ನಾಗಿ ಉಬ್ಬಿದ್ದು ಬಿಳಿ ಬಟ್ಟೆಯ ಗಂಟಿಗೆ. ಯಾರು ತಿನ್ನುತ್ತಾರೋ ಅವಳಿಗೆ ಗೊತ್ತಿಲ್ಲ, ತಿಂದವರಿಗೆ ಅವಳ ಹೆಸರೂ ಗೊತ್ತಾಗಲ್ಲ. ಇದು ರೂಢಿನಾ?

ನಾನು ಆಗ ಧ್ಯಾನದ ಶಿಬಿರ ಶಿಬಿರ ಅಂತ ತಿರುಗುತ್ತಿದ್ದೆ. ಒಂದು ಕಡೆ ಜಾಸ್ತಿ ದುಡ್ಡು ಕಟ್ಟಿದವರನ್ನು ಮುಂದೆ ಕೂರಿಸಿದರು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಧ್ಯಾನ ಬೇಡ ಅಂತ ಅಲ್ಲ. ಸುಮ್ನೆ ಕೂರೋದು ನನಗೂ ಬೇಕು. ಆದರೆ ರಾಯಚೂರು ಜಿಲ್ಲೆಯ ಮುದಗಲ್‌ನಲ್ಲಿ ಮೊಹರಂ ಹೊತ್ತಿಗೆ ಕೂರಿಸುವ ಅಲಾಯಿ ದೇವರ, ಅಂದರೆ ಪಂಜಾಗಳ ಮುಂದೆ ಹಿಂದೂಗಳು, ಮುಸ್ಲಿಮರು ಇಬ್ಬರೂ ಬಂದು ಹರಕೆ ತೀರಿಸುತ್ತಾರೆ, ಅಲ್ಲಿ ಕೈಮುಗಿದು ಕಣ್ಣೀರು ಹಾಕುವವರನ್ನು ನಿಂದು ನಿಜವಾದ ಭಕ್ತಿನಾ ಅಂತ ಕೇಳೋಕೆ ನಾವು ಯಾರು ಹೇಳಿ?

ಹೋದ ಸಲ ಅವ್ವನ ಪಕ್ಕ ನಾನೂ ಹಿಟ್ಟು ನಾದಲು ಕೂತಿದ್ದೆ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಅವತ್ತು ನನ್ನ ಮನಸ್ಸು ನಿಂತ ಹಾಗೆ ಯಾವ ಶಿಬಿರದಲ್ಲೂ ನಿಂತಿರಲಿಲ್ಲ.