ಎಲೆಗೆ ಕೊಳೆಯೋಕೂ ಜಾಗ ಬೇಕು

ಮುಂಬೈನಲ್ಲಿ ಮನುಷ್ಯರಿಗೆ ಇರೋಕೆ ಜಾಗ ಇಲ್ಲ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಒಂದು ಎಲೆಗೆ ನೆಮ್ಮದಿಯಾಗಿ ಕೊಳೆಯೋಕೂ ಇಲ್ಲಿ ಜಾಗ ಇಲ್ಲ ಅನ್ನೋದನ್ನ ಯಾರೂ ಹೇಳಲ್ಲ. ಮಾಟುಂಗಾದ ನಮ್ಮ ಬೀದೀಲಿ ಬೆಳಗ್ಗೆ ಆರೂವರೆಗೇ ಜಾಡೂ ಸದ್ದು ಶುರು. ರಾತ್ರಿ ಉದುರಿದ ಎಲೆ ಏಳಕ್ಕೆ ಗುಡ್ಡೆ, ಎಂಟಕ್ಕೆ ಗೋಣಿಚೀಲ, ಆಮೇಲೆ ಕಚರಾ ಗಾಡಿ. ಹಾಲು ತರೋಕೆ ಹೋಗೋ ಹೊತ್ತಿಗೆ ಮರದ ಕೆಳಗೆ ಎಲೆ ಬಿದ್ದಿತ್ತು ಅನ್ನೋದಕ್ಕೆ ಸಾಕ್ಷೀನೇ ಇರಲ್ಲ. ನಂಗೆ ಇದು ಯಾಕೆ ತಲೆಬಿಸಿ ಅಂದ್ರೆ, ನನ್ನ ಹುಚ್ಚು ಇರೋದೇ ಹಾಳಾಗ್ತಿರೋ ಎಲೆ ಹೂವುಗಳ ಫೋಟೋ ತೆಗೆಯೋದ್ರಲ್ಲಿ, ಅದೂ ತೀರಾ ಹತ್ತಿರದಿಂದ. ಅರಳಿದ ಗುಲಾಬಿ ಫೋಟೋ ಎಲ್ಲರ ಫೋನಲ್ಲೂ ಇದೆ, ಮುಂದಿನ ಐದು ವರ್ಷದ ಗುಡ್ ಮಾರ್ನಿಂಗಿಗೆ ಸಾಲೋವಷ್ಟು ಇದೆ, ಅದಕ್ಕೆ ನಾನೊಬ್ಬಳು ಬೇರೆ ಸೇರೋದು ಬೇಡ.

ಹಾಗಾಗಿ ಜಾಡೂ ಮುಟ್ಟದ ಜಾಗಗಳನ್ನ ಹುಡುಕಿಟ್ಕೊಂಡಿದೀನಿ. ಒಂದನೇ ಮಹಡಿ ಛಜ್ಜಾ. ಎಸಿ ಔಟ್‌ಡೋರ್ ಯೂನಿಟ್ಟಿನ ನೆತ್ತಿ. ನೀರಿನ ಟ್ಯಾಂಕಿನ ಹಿಂದುಗಡೆ. ಎಲ್ಲಕ್ಕಿಂತ ಬೆಸ್ಟು ಅಂದ್ರೆ ಕಾಂಪೌಂಡಿನ ಮೂಲೇಲಿ ವರ್ಷಗಟ್ಟಲೆ ನಿಂತಿರೋ ಒಂದು ಸ್ಕೂಟರು, ಯಾರದ್ದು ಅಂತ ಕೇಳಿದ್ರೆ ಒಬ್ರು ಇನ್ನೊಬ್ರನ್ನ ತೋರಿಸ್ತಾರೆ, ಅದರ ಫುಟ್‌ಬೋರ್ಡ್ ಮೇಲೆ ಎಲೆ ಬಿದ್ದು, ಮಳೆ ಬಿದ್ದು, ಮತ್ತೆ ಎಲೆ ಬಿದ್ದು ಈಗ ಎರಡಿಂಚು ಕರೀ ಮಣ್ಣೇ ಆಗಿದೆ, ಅದರಲ್ಲಿ ಒಂದು ಅರಳಿ ಸಸಿ ಬೇರೆ. ಸ್ಕ್ವೇರ್ ಫೀಟಿಗೆ ಇಷ್ಟು ಅಂತ ಕಾಸು ಎಣಿಸೋ ಊರಲ್ಲಿ ಇಷ್ಟು ಜಾಗ ಪುಕ್ಕಟೆ ಸಿಕ್ಕಿರೋದು ಆ ಸಸಿಗೆ ಮಾತ್ರ.

ಎಲೆ ಅಂದ್ರೆ ಮುಖ್ಯವಾಗಿ ಬಾದಾಮಿ ಎಲೆ. ನೆನೆಸಿ ತಿನ್ನೋ ಬಾದಾಮಿ ಅಲ್ಲ, ಅಗಲ ಎಲೆಯ ಕಾಡು ಬಾದಾಮಿ, ಮುಂಬೈನಲ್ಲಿ ಬಿಲ್ಡಿಂಗಿಗೆ ಒಂದಾದ್ರೂ ಇರತ್ತೆ. ಜನವರಿ-ಫೆಬ್ರವರಿ ಹೊತ್ತಿಗೆ ಎಲೆ ಕೆಂಪಾಗಿ ದಪ್ ಅಂತ ಬೀಳತ್ತೆ, ಸದ್ದು ಒಳಗಡೆ ಕೂತವರಿಗೂ ಕೇಳತ್ತೆ. ಕ್ಲಿಪ್ ಹಾಕ್ಕೊಳ್ಳೋ ಮ್ಯಾಕ್ರೋ ಲೆನ್ಸ್ ಫೋನಿಗೆ ಸಿಗಿಸಿ ಆ ಎಲೆ ಹತ್ರ ಬಗ್ಗಿದ್ರೆ ಅದು ಕೆಂಪು ಎಲೆ ಆಗಿ ಉಳಿಯಲ್ಲ. ಸಣ್ಣ ಸಣ್ಣ ನರಗಳು ಒಂದಕ್ಕೊಂದು ಸೇರಿ ಚೌಕ ಚೌಕ ಮಾಡ್ಕೊಂಡಿರತ್ವೆ, ಒಂದು ಚೌಕ ಹಳದಿ, ಪಕ್ಕದ್ದು ಕಿತ್ತಳೆ, ಅದರಾಚೆದು ಆಗಲೇ ಕಂದು, ಬೇಲಿ ದಾಟಿ ಬಣ್ಣ ಆಚೆ ಹೋಗಲ್ಲ. ನಡುನರದ ಪಕ್ಕ ಇನ್ನೂ ಸ್ವಲ್ಪ ಹಸಿರು ಉಳಿದಿರತ್ತೆ. ಯಾಕೆ ಅಂತ ಓದಿ ತಿಳ್ಕೊಂಡ ಮೇಲೆ ನೋಡೋ ಮಜಾ ಇನ್ನೂ ಜಾಸ್ತಿ ಆಯ್ತು. ಎಲೆ ಬೀಳಿಸೋ ಮುಂಚೆ ಮರ ಅದರೊಳಗಿನ ಸಾಮಾನೆಲ್ಲ ವಾಪಸ್ ಎಳ್ಕೊಳತ್ತೆ, ಸಾರಜನಕ, ರಂಜಕ ಎಲ್ಲ ಹೆಚ್ಚುಕಮ್ಮಿ ಅರ್ಧದಷ್ಟು ವಾಪಸ್ಸು, ಹಸಿರು ಬಣ್ಣವನ್ನ ಒಡೆದು ಹಾಕೋದೂ ಈ ಕೆಲಸದ್ದೇ ಭಾಗ, ಸಾಗಾಟ ನಡೆಯೋದು ನರಗಳಲ್ಲೇ, ಅದಕ್ಕೇ ಎಷ್ಟೋ ಎಲೆಗಳಲ್ಲಿ ನರದ ಅಕ್ಕಪಕ್ಕದ ಹಸಿರು ಎಲ್ಲಕ್ಕಿಂತ ಕೊನೆಗೆ ಹೋಗತ್ತೆ. ಹಳದಿ ಮೊದಲಿಂದ ಇತ್ತು, ಹಸಿರಿನ ಹಿಂದೆ ಮುಚ್ಚಿಹೋಗಿತ್ತು ಅಷ್ಟೆ. ಆದ್ರೆ ಕೆಂಪು ಹಾಗಲ್ಲ, ಅದನ್ನ ಎಲೆ ಹೊಸದಾಗಿ ಮಾಡ್ಕೊಳತ್ತೆ! ಹೊರಡೋ ಟೈಮಲ್ಲಿ ಯಾಕಪ್ಪ ಹೊಸ ಬಣ್ಣ ಅಂದ್ರೆ, ಸಾಮಾನು ಸಾಗಿಸಿ ಮುಗಿಯೋವರೆಗೆ ಎಲೆಯನ್ನ ಬಿಸಿಲಿಂದ ಕಾಯೋಕೆ ಅಂತ ಕೆಲವರು ಹೇಳ್ತಾರೆ, ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ.

ಇನ್ನೊಂದು ಇದೆ, ನಂಗೆ ಇದೇ ಫೇವರಿಟ್ಟು. ಪೂರ್ತಿ ಹಳದಿ ಆದ ಎಲೇಲಿ ಕೆಲವು ಸಲ ಒಂದು ಸಣ್ಣ ಹಸಿರು ವೃತ್ತ ಮಾತ್ರ ಉಳಿದಿರತ್ತೆ, ಅದರ ನಡುವೆ ಒಂದು ಚುಕ್ಕೆ. ಅಲ್ಲಿ ಶಿಲೀಂಧ್ರವೋ ಎಲೆ ಕೊರೆಯೋ ಹುಳವೋ ಕೂತಿರತ್ತೆ. ಮರ ಅಂಗಡಿ ಮುಚ್ಚಿದ್ರೂ ಇದು ತನ್ನ ಸುತ್ತಲಿನ ಅಷ್ಟು ಜಾಗವನ್ನ ಹಸಿರಾಗೇ ಇಡಿಸ್ಕೊಂಡಿದೆ, ಮುಪ್ಪು ತಡೆಯೋ ಒಂದು ಹಾರ್ಮೋನಿನ ಕೈವಾಡ ಅದು. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋದ್ರೂ ಖಾಲಿ ಮಾಡಲ್ಲ ಅಂತ ಕೂತ ಬಾಡಿಗೆದಾರ ಇದ್ದಾನಲ್ಲ, ಥೇಟ್ ಅವನೇ.

ಮಳೆಗಾಲದ್ದು ಬೇರೆ ಕತೆ. ಫೆಬ್ರವರೀಲಿ ಎಲೆ ಒಣಗತ್ತೆ, ಜುಲೈನಲ್ಲಿ ಕೊಳೆಯತ್ತೆ, ಎರಡೂ ಒಂದೇ ಅಲ್ಲ. ಎಸಿ ಮೇಲಿನ ಒದ್ದೆ ಎಲೆ ಅಡಿಯಿಂದ ಬಿಳೀ ಎಳೆಗಳು ಹೊರಡತ್ವೆ, ಮೆತ್ತಗಿನ ಭಾಗವನ್ನೆಲ್ಲ ಮೊದಲು ತಿಂದು ಮುಗಿಸತ್ವೆ, ನರಗಳಲ್ಲಿ ಲಿಗ್ನಿನ್ ಅನ್ನೋ ಗಟ್ಟಿ ಪದಾರ್ಥ ಇರೋದ್ರಿಂದ ಅವು ಬೇಗ ಬಗ್ಗಲ್ಲ. ಕೊನೆಗೆ ಬರೀ ನರಗಳ ಜಾಲ ಉಳಿಯತ್ತೆ. ನಾವು ಸಣ್ಣವರಿದ್ದಾಗ ಅರಳಿ ಎಲೆ ನೀರಲ್ಲಿ ನೆನೆಹಾಕಿ ಮಾಡ್ತಿದ್ದದ್ದೂ ಇದೇ, ಆಮೇಲೆ ಅದರ ಮೇಲೆ ಗಣಪತಿ ಬರೆದು ಪುಸ್ತಕದೊಳಗೆ ಇಡ್ತಿದ್ವಿ. ಫೋಕಸ್ ಮಾಡೋದು ಮಾತ್ರ ಪ್ರಾಣ ತೆಗೆಯತ್ತೆ. ಇಷ್ಟು ಹತ್ರ ಹೋದಾಗ ಒಂದು ಮಿಲಿಮೀಟರ್ ಆಳವೂ ಶಾರ್ಪ್ ಬರಲ್ಲ, ಉಸಿರು ಬಿಟ್ರೆ ಎಲ್ಲ ಮಸುಕು, ಅಷ್ಟೊತ್ತಿಗೆ ಹಾರ್ಬರ್ ಲೈನಿನ ಲೋಕಲ್ ರೈಲು ಹೋದ್ರಂತೂ ಛಜ್ಜಾನೇ ನಡುಗತ್ತೆ.

ಒಂದು ಮಾತು ಹೇಳ್ಲೇಬೇಕು, ಕ್ಯಾಮೆರಾಕ್ಕೆ ಮೂಗಿಲ್ಲ. ದಾದರ್ ಫೂಲ್ ಮಾರ್ಕೆಟ್ಟಲ್ಲಿ ಮಾರಾಟ ಮುಗಿದ ಮೇಲೆ ಉಳಿದ ಚೆಂಡು ಹೂವಿನ ರಾಶೀಲಿ ಫೋಟೋ ತೆಗೆದ್ರೆ, ಅಬ್ಬಬ್ಬಾ, ಎಸಳಿನ ಬುಡದ ಕೆಂಪುಗಂದು, ತುದಿ ಸುರುಳಿ, ಮಧ್ಯೆ ಒಂದು ನೀರಿನ ಹನಿ, ಮನೇಲಿ ಫ್ರೇಮ್ ಹಾಕಿಸಬಹುದು. ಅಲ್ಲಿ ನಿಂತ್ಕೊಂಡವರಿಗೆ ಮಾತ್ರ ಗೊತ್ತು. ಗಣಪತಿ ಹಬ್ಬದಲ್ಲಿ ಪೂಜೆ ಮುಗಿದ ಹೂವು ಹಾಕೋ ನಿರ್ಮಾಲ್ಯ ಕಲಶದ ಹತ್ರ ಹೋದವರಿಗೂ ಗೊತ್ತು. ಕೊಳೆಯೋದು ಸುಂದರ ಅಂತ ಇನ್ಸ್ಟಾದಲ್ಲಿ ಬರೆಯೋರೆಲ್ಲ (ನಾನೂ ಸೇರಿ) ಈ ವಾಸನೇನ ಕ್ರಾಪ್ ಮಾಡಿ ಹಾಕಿರ್ತೀವಿ. ಈ ವಿಷಯದಲ್ಲಿ ನಂಗೆ ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಇಷ್ಟ, 1865ರಲ್ಲಿ ಹುಟ್ಟಿದವ್ರು, ಬರ್ಲಿನ್ನಲ್ಲಿ ಮೇಷ್ಟ್ರು, ತಾವೇ ಕಟ್ಟಿಕೊಂಡ ಕ್ಯಾಮೆರಾದಲ್ಲಿ ಮೊಗ್ಗು, ಬೀಜದ ಕೋಶ, ಸುರುಳಿ ಎಲೆಗಳನ್ನ 30 ಪಟ್ಟಿನವರೆಗೂ ದೊಡ್ಡದು ಮಾಡಿ ತೆಗೆದ್ರು, ಅದೂ ಕಪ್ಪುಬಿಳುಪಲ್ಲಿ. ಕಲೆ ಅಂತ ಡಂಗುರ ಹೊಡಿಲಿಲ್ಲ, ಹುಡುಗರಿಗೆ ಡಿಸೈನ್ ಪಾಠ ಮಾಡೋಕೆ ಅಂತ ಮೂವತ್ತು ವರ್ಷ ಸುಮ್ಮನೆ ತೆಗೀತಾ ಕೂತ್ರು, 1928ರಲ್ಲಿ ಪುಸ್ತಕ ಬಂದಾಗ್ಲೇ ಜನಕ್ಕೆ ಗೊತ್ತಾಗಿದ್ದು.

ನಮ್ಮ ಬಿಲ್ಡಿಂಗಲ್ಲಿ ಗೊತ್ತಾಗಿದ್ದು ಶೆಟ್ರಿಗೆ. ಸ್ಕೂಟರ್ ಪಕ್ಕ ಮಂಡಿಯೂರಿ ಕೂತಿದ್ದಾಗ ಬಂದು, "ಎಂತ ಮೇಡಂ, ಕೀ ಬಿತ್ತಾ?" ಅಂದ್ರು. ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿ, "ಚಂದ ಉಂಟು, ಆದ್ರೆ ಸೆಕ್ರೆಟರಿಗೆ ತೋರಿಸ್ಬೇಡಿ, ಕ್ಲೀನ್ ಮಾಡಿಸ್ತಾನೆ" ಅಂದ್ರು. ಇಂಥ ರಸಿಕರು ಇಡೀ ಸೊಸೈಟೀಲಿ ಇವರೊಬ್ಬರೇ.

ನಿಜವಾದ ವಿಮರ್ಶಕಿ ಅಂದ್ರೆ ಶಿರಸಿ ಹತ್ರ ಇರೋ ನಮ್ಮಕ್ಕ. ಅಡಿಕೆ ತೋಟದವರಿಗೆ ಎಲೆ ಕೊಳೆಯೋದು ಹೊಸ ವಿಷಯ ಏನಲ್ಲ, ಸೊಪ್ಪಿನ ಬೆಟ್ಟ ಅಂತ ತೋಟದ ಜೊತೆ ಕಾಡೇ ಇರತ್ತೆ, ಸೊಪ್ಪು ತರಗೆಲೆ ತಂದು ಕೊಟ್ಟಿಗೆಗೆ ಹಾಸಿ, ಅದು ಕೊಳೆತು ಗೊಬ್ಬರ ಆಗಿ ಮರದ ಬುಡಕ್ಕೆ. ಅವಳಿಗೆ ಬಾದಾಮಿ ಎಲೆ ಕಳಿಸಿದ್ರೆ "ಒಳ್ಳೇ ಗೊಬ್ಬರ ಆಗ್ತಿತ್ತು, ಹಾಳು ಮಾಡ್ತೀರಿ" ಅಂತಾಳೆ. ಅದು ಓಕೆ. ಒಂದು ಜುಲೈನಲ್ಲಿ, ಎಸಿ ಮೇಲಿನ ಎಲೆಯ ಬಿಳೀ ಬೂಷ್ಟಿನ ಫೋಟೋ, ಬೆಳಕು ಹಿಂದಿಂದ ಬಿದ್ದು ಒಂದೊಂದು ಎಳೆಯೂ ಹೊಳೀತಿತ್ತು, ಖುಷಿಗೆ ಫ್ಯಾಮಿಲಿ ಗ್ರೂಪಿಗೇ ಹಾಕ್ಬಿಟ್ಟೆ. ಅಕ್ಕ ನೇರ ಫೋನೇ ಮಾಡಿದ್ಲು. "ಎಂತ ಮಾರಾಯ್ತಿ, ಇಲ್ಲಿ ಕೊಳೆ ಬಂದು ಕಾಯೆಲ್ಲ ಉದುರ್ತಾ ಇದೆ, ಮಳೆ ಬಿಡ್ತಾ ಇಲ್ಲ, ಔಷಧಿ ಹೊಡಿಯೋಕೆ ಮರ ಹತ್ತೋ ಕೊನೆಗೌಡ ಸಿಗ್ತಾ ಇಲ್ಲ, ನೀ ಅದನ್ನೇ ದೊಡ್ಡದು ಮಾಡಿ ಕಳಿಸ್ತೀಯಲ್ಲ!" ಕೊಳೆ ರೋಗ ಬಂದು ಉದುರಿದ ಅಡಿಕೆ ಮೇಲೆ ಬರೋದೂ ಅಂಥದ್ದೇ ಬಿಳೀ ಬೂಷ್ಟು. ಮೈಲುತುತ್ತ ಸುಣ್ಣ ಸೇರಿಸಿ ಬೋರ್ಡೋ ಅನ್ನೋ ಔಷಧಿ ಮಾಡಿಟ್ಕೊಂಡು ಮಳೆ ಯಾವಾಗ ಬಿಡುವು ಕೊಡತ್ತೆ ಅಂತ ಆಕಾಶ ನೋಡ್ತಾ ಕೂತವಳ ಫೋನಿಗೆ ನನ್ನ ಕಲೆ ಹೋಗಿ ಬಿದ್ದಿತ್ತು. ಕೊಳೆಯೋ ವಸ್ತು ನಿಮ್ಮದಾಗಿರಬಾರದು, ಹಾಗಿದ್ರೆ ಮಾತ್ರ ಈ ಹವ್ಯಾಸ ನಡೆಯತ್ತೆ ಅಂತ ಆವತ್ತಿಂದ ನನ್ನ ಅಭಿಪ್ರಾಯ.

ಆದ್ರೆ ಭಾವ ಆ ಫೋಟೋನ ಝೂಮ್ ಮಾಡಿ ನೋಡಿದಾರೆ. ಇದಕ್ಕೆ ಯಾವ ಲೆನ್ಸು, ಎಷ್ಟಾಯ್ತು ಅಂತ ಕೇಳಿ ತಾವೂ ತರಿಸ್ಕೊಂಡ್ರು. ಈಗ ತೋಟದಲ್ಲಿ ಎಲೆಚುಕ್ಕೆ ರೋಗ ಎಲ್ಲೆಲ್ಲಿ ಶುರು ಆಗಿದೆ ಅಂತ ಗರಿ ಗರಿ ಹುಡುಕಿ ಫೋಟೋ ತೆಗೆದು, ತಿಳಿದವರಿಗೆ ಕಳಿಸಿ ಸಲಹೆ ಕೇಳ್ತಾರೆ, ನಂಗೂ ಒಂದು ಕಾಪಿ ಬರತ್ತೆ. ಕಂದು ಚುಕ್ಕೆ, ಸುತ್ತ ಹಳದಿ ಅಂಚು, ಹಿಂದೆ ಕಡುಹಸಿರು, ಫೋಕಸ್ಸಂತೂ ನನ್ನದಕ್ಕಿಂತ ಎಷ್ಟೋ ಚೆನ್ನಾಗಿರತ್ತೆ. ಲೈಕ್ ಒತ್ತೋಕೆ ಮಾತ್ರ ಕೈ ಬರಲ್ಲ, "ಔಷಧಿ ಹೊಡೆದಾಯ್ತಾ ಭಾವ?" ಅಂತ ಟೈಪ್ ಮಾಡ್ತೀನಿ.