ಸತ್ಯಾಂಶ: ಊರವರ ಕೈಗೆ ಕೊಟ್ಟರೆ ಕಾಡು ಉಳಿಯುವುದಿಲ್ಲವೇ?

ಎರಡು ಉಪಗ್ರಹ ಚಿತ್ರ, ಒಂದು ಹಸಿರು, ಇನ್ನೊಂದು ಬೋಳು. ಕೆಳಗೆ, ಕಾಡನ್ನು ಸ್ಥಳೀಯರಿಗೆ ಬಿಟ್ಟರೆ ಹೀಗೇ ಆಗುವುದು, ಜನರನ್ನು ಹೊರಗಿಟ್ಟರಷ್ಟೇ ಮರ ಉಳಿಯುವುದು ಎಂಬ ಒಕ್ಕಣೆ. ಈ ಫಾರ್ವರ್ಡ್ ಆಗಾಗ ಬರುತ್ತದೆ. ಕಳುಹಿಸುವವರಿಗೆ ಕಾಡಿನ ಮೇಲೆ ಕಾಳಜಿಯಿದೆ, ಅನುಮಾನವಿಲ್ಲ. ಆದರೆ ತೀರ್ಮಾನ ತಪ್ಪು.

ನೇಪಾಳವನ್ನೇ ನೋಡಿ. 1993ರ ಅರಣ್ಯ ಕಾಯ್ದೆಯ ನಂತರ ಅಲ್ಲಿ ಕಾಡನ್ನು ಬಳಸುವ ಊರವರ ಸಾವಿರಾರು ಗುಂಪುಗಳಿಗೆ ಅದರ ಹೊಣೆ ಸಿಕ್ಕಿತು. ಸೌದೆ ಯಾವಾಗ, ಮೇವು ಎಷ್ಟು, ಕಾವಲಿಗೆ ಯಾರ ಸರದಿ ಎಂಬುದನ್ನೆಲ್ಲ ಗುಂಪೇ ನಿರ್ಧರಿಸುತ್ತದೆ. 1992ರಲ್ಲಿ ದೇಶದ ಸುಮಾರು 26% ಭಾಗದಲ್ಲಿದ್ದ ಅರಣ್ಯ 2016ರ ಹೊತ್ತಿಗೆ ಸುಮಾರು 45%ಕ್ಕೆ ಏರಿತ್ತು. ಜನ ದುಡಿಯಲು ವಲಸೆ ಹೋಗಿ ಹೊಲಗಳು ಪಾಳುಬಿದ್ದದ್ದೂ ಇದಕ್ಕೆ ಒಂದು ಕಾರಣ. ಎಲ್ಲ ಶ್ರೇಯ ಗುಂಪುಗಳಿಗೇ ಕೊಟ್ಟರೆ ಅದೂ ಅರ್ಧಸತ್ಯವೇ. ಹಾಗೆಂದು ಊರವರ ಕೈಗೆ ಬಂದ ಕಾಡೆಲ್ಲ ಚಿಗುರಿಲ್ಲ. ಹಕ್ಕು ಕಾಗದದಲ್ಲಷ್ಟೇ ಇದ್ದು, ಜೇನು, ಬಿದಿರು, ಮರದ ಆದಾಯ ಬೇರೆಯವರ ಪಾಲಾದರೆ ಕಾವಲು ಕಾಯುವವರು ಯಾರು?

ಇಂಥ ಚಿತ್ರ ಬಂದಾಗ ಮೊದಲು ತಿಂಗಳು ನೋಡಿ. ಎಲೆ ಉದುರಿಸುವ ಕಾಡು ಬೇಸಿಗೆಯಲ್ಲಿ ಬೋಳಾಗಿಯೇ ಕಾಣುತ್ತದೆ. ಚಿತ್ರವನ್ನೇ ಹಾಕಿ ಹುಡುಕಿದರೆ ಮೂಲ ಜಾಗ ಹಲವು ಸಲ ಸಿಗುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ 1972ರಿಂದೀಚಿನ ಚಿತ್ರಗಳು ಉಚಿತ. ಅದೇ ಜಾಗವನ್ನು ಅದೇ ತಿಂಗಳಲ್ಲಿ, ಹಲವು ವರ್ಷಗಳಿಗೆ ಹೋಲಿಸಬಹುದು. ಕೊನೆಯದಾಗಿ, ಮರ ಕಡಿದಾಗ ಆ ಕಾಡು ನಿಜಕ್ಕೂ ಯಾರ ಸುಪರ್ದಿಯಲ್ಲಿತ್ತು ಎಂದು ಕೇಳಿ. ಫಾರ್ವರ್ಡ್‌ನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ವಿವರ ಇದೇ.