ಎವ್ರಿವನ್, ಫುಲ್ ಕಂಟ್ರೋಲ್

ಹೋದ ವರ್ಷ ನಮ್ಮ ಆಫೀಸಿನಲ್ಲಿ ಎಲ್ಲರ ಇಂಕ್ರಿಮೆಂಟ್ ಪಟ್ಟಿಯನ್ನು ಸ್ಟೋರ್ಸ್‌ನ ಹುಡುಗನೊಬ್ಬ ಓದಿಬಿಟ್ಟ. ಹ್ಯಾಕ್ ಗೀಕ್ ಏನೂ ಮಾಡಲಿಲ್ಲ, ಫೋಲ್ಡರ್ ಮೇಲೆ ಡಬಲ್ ಕ್ಲಿಕ್ ಮಾಡಿದ ಅಷ್ಟೇ. ಊಟದ ಹೊತ್ತಿಗೆ ಯಾರಿಗೆ ಎಷ್ಟು ಜಾಸ್ತಿಯಾಯಿತು ಅನ್ನೋದು ಕ್ಯಾಂಟೀನಿಗೆಲ್ಲ ಗೊತ್ತಾಗಿತ್ತು. ಪಾಪ, ಅವನನ್ನು ಕರೆಸಿ ಬೈದರು. ಬೈಸಿಕೊಳ್ಳಬೇಕಾಗಿದ್ದವನು ನಾನು. ಆಫೀಸಿನ ಕಂಪ್ಯೂಟರ್, ಸರ್ವರ್ ಎಲ್ಲ ನೋಡಿಕೊಳ್ಳುವವನು ನಾನೇ.

ಅದಕ್ಕೆ ನಾಲ್ಕು ತಿಂಗಳು ಹಿಂದಿನ ಮಾತು. 20ನೇ ತಾರೀಕು, ಸಂಜೆ ಆರೂವರೆ. ಜಿಎಸ್‌ಟಿ 3ಬಿ ಅನ್ನೋ ತೆರಿಗೆ ರಿಟರ್ನ್ ಫೈಲ್ ಮಾಡೋಕೆ ಅದೇ ಕೊನೇ ದಿನ. ಅಕೌಂಟ್ಸ್‌ಗೆ ಹೊಸದಾಗಿ ಸೇರಿದ್ದ ಮೇಡಂಗೆ ಫೋಲ್ಡರ್ ತೆರೆಯುತ್ತಿಲ್ಲ, 'ಆಕ್ಸೆಸ್ ಡಿನೈಡ್' ಅಂತ ಬರ್ತಿದೆ. ಅವರನ್ನು ಅಕೌಂಟ್ಸ್ ಗ್ರೂಪಿಗೆ ಸೇರಿಸಿದ್ದೆ. ಆದರೆ ವಿಂಡೋಸ್‌ನಲ್ಲಿ ನಾವು ಯಾವ್ಯಾವ ಗ್ರೂಪಿನವರು ಅನ್ನೋದು ಲಾಗಿನ್ ಆಗುವಾಗಲೇ ಗೊತ್ತಾಗೋದು. ಒಂದ್ಸಲ ಲಾಗ್ ಆಫ್ ಮಾಡಿ ಮತ್ತೆ ಬಂದಿದ್ದರೆ ಸಾಕಿತ್ತು. ಆ ಗಡಿಬಿಡಿಯಲ್ಲಿ ಅದು ಹೊಳೆಯಲೇ ಇಲ್ಲ. ಸೀದಾ ಮೇಲಿನ ಫೋಲ್ಡರ್‌ಗೆ 'ಎವ್ರಿವನ್, ಫುಲ್ ಕಂಟ್ರೋಲ್' ಟಿಕ್ ಹಾಕಿದೆ, ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು. ನಾಳೆ ತೆಗೆಯೋಣ ಅಂದುಕೊಂಡೆ. ಮಾರನೇ ದಿನ ಪ್ರಿಂಟರ್ ಕೆಟ್ಟಿತು, ಮರೆತೆ. ಆಮೇಲೆ ಎಚ್‌ಆರ್‌ನವರು ಅದರೊಳಗೇ ಒಂದು ಫೋಲ್ಡರ್ ಮಾಡಿಕೊಂಡರು. ಮೇಲಿನ ಪರ್ಮಿಷನ್ ತಾನಾಗೇ ಒಳಗಿನದಕ್ಕೂ ಇಳಿಯುತ್ತದೆ, ಅಪ್ಪನ ಆಸ್ತಿ ಮಕ್ಕಳಿಗೆ ಬಂದ ಹಾಗೆ. ಸಾಲವೂ ಬರುತ್ತದೆ ನೋಡಿ!

ನೆಟ್‌ವರ್ಕ್ ಫೋಲ್ಡರ್‌ಗೆ ಎರಡು ಕಡೆ ಕಾವಲು ಇರುತ್ತದೆ. ಶೇರ್ ಪರ್ಮಿಷನ್ ಅಂದರೆ ಕಾಂಪೌಂಡಿನ ಗೇಟು. ಎನ್‌ಟಿಎಫ್‌ಎಸ್ ಪರ್ಮಿಷನ್ (ಡಿಸ್ಕಿನಲ್ಲಿ ಆ ಫೋಲ್ಡರ್ ಮೇಲೇ ಇರುವುದು) ಅಂದರೆ ಕೋಣೆಯ ಬಾಗಿಲು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯೋದು. ಸಾಮಾನ್ಯವಾಗಿ ಗೇಟನ್ನು ಸಡಿಲ ಬಿಟ್ಟು ಕೋಣೆಗೆ ಬೀಗ ಹಾಕುತ್ತೇವೆ. ನಾನೂ ಹಾಗೇ ಮಾಡಿದ್ದೆ. ಕೋಣೆ ಬೀಗವನ್ನೂ ತೆಗೆದ ಮೇಲೆ ಉಳಿದಿದ್ದೇನು?

ಇನ್ನೊಂದು, 'ಫುಲ್ ಕಂಟ್ರೋಲ್' ಅನ್ನೋದು ಮಾಮೂಲಿ ಕೆಲಸಕ್ಕೆ ಬೇಕಾಗೇ ಇಲ್ಲ. 'ಮಾಡಿಫೈ' ಕೊಟ್ಟರೆ ತೆರೆಯಬಹುದು, ಬರೆಯಬಹುದು, ಅಳಿಸಲೂಬಹುದು. ಫುಲ್ ಕಂಟ್ರೋಲ್ ಇದ್ದವರು ಪರ್ಮಿಷನ್ನನ್ನೇ ಬದಲಾಯಿಸಬಹುದು. ಒಳಗೆ ಹೋಗು ಅಂತ ಕೀ ಕೊಟ್ಟರೆ ಬೀಗವನ್ನೇ ಬದಲಾಯಿಸಿಕೊಂಡು ಕೂತ ಹಾಗೆ.

ನನ್ನ ತಕರಾರು ಏನಂದರೆ, ನಮ್ಮಲ್ಲಿ ಪರ್ಮಿಷನ್ ಅಂದರೆ ಮರ್ಯಾದೆಯ ವಿಷಯ ಆಗಿಬಿಟ್ಟಿದೆ. 'ಅವನಿಗೆ ಇದೆ, ನನಗ್ಯಾಕೆ ಇಲ್ಲ?' ಅಂತ ಕೇಳುತ್ತಾರೆ. ಫೋಲ್ಡರ್ ಒಳಗೆ ಏನಿದೆ ಅಂತ ಕೇಳಿದರೆ ಗೊತ್ತಿರಲ್ಲ. ಕೊಡಿ ಅಂತ ಹೇಳೋಕೆ ಹತ್ತು ಜನ ಫೋನ್ ಮಾಡುತ್ತಾರೆ, ತೆಗೆಯಿರಿ ಅಂತ ಇವತ್ತಿನವರೆಗೂ ಒಬ್ಬರೂ ಫೋನ್ ಮಾಡಿಲ್ಲ. ಯಾರು ಏನು ನೋಡಬೇಕು ಅನ್ನೋದನ್ನು ಆ ವಿಭಾಗದ ಮುಖ್ಯಸ್ಥರು ತೀರ್ಮಾನಿಸಬೇಕು. ಸಂಬಳದ ಪಟ್ಟಿ ಯಾರಿಗೆ ಕಾಣಬೇಕು ಅಂತ ಹೇಳೋಕೆ ನಾನ್ಯಾರು?

ಆ ರಗಳೆ ಆದ ಮೇಲೆ ಒಂದು ಭಾನುವಾರ ಕೂತು ಸರ್ವರಿನ ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಪರ್ಮಿಷನ್ ತೋರಿಸುವ ಸೆಕ್ಯುರಿಟಿ ಟ್ಯಾಬ್ ತುಂಬ 'ಎಸ್-1-5-21' ಅಂತ ಶುರುವಾಗುವ ಉದ್ದುದ್ದ ನಂಬರ್‌ಗಳು. ವಿಂಡೋಸ್ ಒಂದೊಂದು ಅಕೌಂಟಿಗೂ ಕೊಡುವ ಗುರುತಿನ ನಂಬರ್ ಅವು, ಕೆಲಸ ಬಿಟ್ಟು ಹೋದವರವು. ಅಕೌಂಟ್ ಡಿಲೀಟ್ ಮಾಡಿದರೆ ಹೆಸರು ಹೋಗುತ್ತದೆ, ನಂಬರ್ ಅಲ್ಲೇ ಉಳಿಯುತ್ತದೆ. ಒಬ್ಬೊಬ್ಬರ ಹೆಸರಿಗೇ ಪರ್ಮಿಷನ್ ಕೊಡುತ್ತಾ ಬಂದರೆ ಹೀಗೇ. ಈಗ ಎಲ್ಲವನ್ನೂ ಗ್ರೂಪಿಗೆ ಕೊಡುತ್ತೇನೆ. ಜನರನ್ನು ಗ್ರೂಪಿಗೆ ಸೇರಿಸೋದು, ಗ್ರೂಪಿಂದ ತೆಗೆಯೋದು, ಅಷ್ಟೇ.

ಅವತ್ತೇ ಇನ್ನೊಂದು ಎಡವಟ್ಟೂ ಮಾಡಿದೆ. ಉತ್ಸಾಹದಲ್ಲಿ ಎಚ್‌ಆರ್ ಫೋಲ್ಡರ್‌ಗೆ 'ಡೊಮೇನ್ ಯೂಸರ್ಸ್, ಡಿನೈ' ಹಾಕಿದೆ. ಫೋಲ್ಡರ್ ಮೇಲೆ ನೇರವಾಗಿ ಹಾಕಿದ ಡಿನೈ (ಬಿಡಬೇಡ) ಅನ್ನೋದು ಅಲೋವನ್ನು (ಬಿಡು) ಮೀರಿಸುತ್ತದೆ. ಡೊಮೇನ್ ಯೂಸರ್ಸ್ ಅಂದರೆ ಎಲ್ಲರೂ ಬಂದರು, ಎಚ್‌ಆರ್‌ನವರೂ ಅದರಲ್ಲೇ. ಸೋಮವಾರ ಬೆಳಗ್ಗೆ ಒಂಬತ್ತಕ್ಕೇ ಫೋನ್. ಬೇಡದವರನ್ನು ತಡೆಯೋಕೆ ಡಿನೈ ಹಾಕಬೇಕಿಲ್ಲ, ಅಲೋ ಕೊಡದಿದ್ದರೆ ಸಾಕು.

ಈಗ ಮೂರು ತಿಂಗಳಿಗೊಮ್ಮೆ 'ನಿಮ್ಮ ಫೋಲ್ಡರ್‌ಗೆ ಇಷ್ಟು ಜನರಿಗೆ ಪ್ರವೇಶ ಇದೆ, ಸರಿನಾ?' ಅಂತ ಪಟ್ಟಿ ಕಳಿಸುತ್ತೇನೆ. ಮೊದಲ ಸಲ ಪರ್ಚೇಸ್‌ನವರು ಪಟ್ಟಿ ನೋಡಿ, 'ರೀ, ಇವರು ಪ್ರೊಡಕ್ಷನ್‌ಗೆ ಹೋಗಿ ಎರಡು ವರ್ಷ ಆಯ್ತಲ್ರೀ' ಅಂದರು.

ಉಳಿದಿರೋದು ನಮ್ಮ ಎಂಡಿ ಸಾಹೇಬರು. ಅವರಿಗೆ ಎಲ್ಲ ಫೋಲ್ಡರ್‌ಗೂ ಫುಲ್ ಕಂಟ್ರೋಲ್ ಇದೆ. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕಿಡಿಗೇಡಿ ಪ್ರೋಗ್ರಾಂ) ಬಂದರೆ, ಲಾಗಿನ್ ಆದವರು ಎಲ್ಲೆಲ್ಲಿ ಬರೆಯಬಹುದೋ ಅಲ್ಲೆಲ್ಲ ಅದೂ ಕೈಯಾಡಿಸುತ್ತದೆ. 2017ರಲ್ಲಿ ಬಂದ ಅಂಥದ್ದೇ ವಾನಾಕ್ರೈ ಕಂಪ್ಯೂಟರಿಗೆ ಜೋಡಿಸಿದ್ದ ನೆಟ್‌ವರ್ಕ್ ಡ್ರೈವ್‌ಗಳನ್ನೂ ಬಿಟ್ಟಿರಲಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿ, ನಿಮಗೆ ರೀಡ್ ಓನ್ಲಿ, ಅಂದರೆ ಓದೋಕೆ ಮಾತ್ರ ಇದ್ದರೆ ಸಾಕು ಅಂದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ, 'ಕಂಪನಿ ನಂದು, ನನಗೇ ರೀಡ್ ಓನ್ಲಿನಾ?' ಅಂದರು.

ಸದ್ಯಕ್ಕೆ ಅಕೌಂಟ್ಸ್ ಮತ್ತು ಡಿಸೈನ್, ಇವೆರಡಕ್ಕೆ ಮಾತ್ರ ಒಪ್ಪಿಸಿದ್ದೇನೆ.